ಕೆಂಪು ಬಸಳೆ

ಈ ಸಲ ಕಳ್ಳ ಹನ್ನೆರಡು ಚಪ್ಪರಗಳಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಬಸಳೆ ಬಳ್ಳಿಗಳನ್ನೆಲ್ಲ ಮೊಣಕಾಲೆತ್ತರಕ್ಕೆ ಕಡಿದು ಕೆಡವಿದ್ದ. ಸೌತೆಕಾಯಿಗಳನ್ನು ತುಳಿದು ನುಜ್ಜುಗುಜ್ಜು ಮಾಡಿದ್ದ. ಬುಡ ಮಾತ್ರ ಒಂದನ್ನೂ ಕಿತ್ತಿರಲಿಲ್ಲ. ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ ಎಂದು ಎಲ್ಲರೂ ಅಂದುಕೊಂಡರು.

ಬೇಲಿಗೆ ಒರಗಿ ವನಜ ಕೂತಿದ್ದಳು. ತುಟಿ ಊದಿತ್ತು. ಕುತ್ತಿಗೆಯಲ್ಲಿ ನಾಲ್ಕು ಬೆರಳಿನ ಗುರುತು, ಅಂಚು ಆಗಲೇ ಹಳದಿಗೆ ತಿರುಗಿತ್ತು. ನೀರು ಬಿಡಲು ಬಂದಾಗ ಕಳ್ಳ ಒಳಗಿದ್ದನಂತೆ. ಹಿಂದಿನಿಂದ ಕುತ್ತಿಗೆ ಹಿಡಿದು ಬೇಲಿಗೆ ಬಡಿದನಂತೆ. ಇನ್ನೊಂದು ಸಲ ಕಡಿಯುವುದು ಬಳ್ಳಿಯನ್ನಲ್ಲ, ನಿನ್ನ ಕುತ್ತಿಗೆಯನ್ನೇ ಎಂದನಂತೆ. ಮುಖ ಕಾಣಲಿಲ್ಲವಂತೆ.

ಮರವಂತೆಯಲ್ಲಿ ಹೆದ್ದಾರಿಗೂ ಹೊಳೆಗೂ ನಡುವೆ ಉಳಿದ ಒಂದಿಷ್ಟು ನೆಲದಲ್ಲಿ ಮೀನು ಮಾರುವ ಹನ್ನೆರಡು ಹೆಂಗಸರ ಸಂಘ ತರಕಾರಿ ಬೆಳೆಯುತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ. ಸುತ್ತ ಹಳೆಯ ಬಲೆಯ ಬೇಲಿ. ಆರು ತಿಂಗಳಲ್ಲಿ ಇದು ನಾಲ್ಕನೆಯ ಕಳವು. ಠಾಣೆಗೆ ಹೋಗುವ ಮಾತು ಬಂತು. ಬಸಳೆ ದಂಟಿನ ಮೇಲೆ ದೂರು ಬರೆಸಿ ನಗೆಪಾಟಲಾಗಲು ಯಾರಿಗೂ ಮನಸ್ಸಿರಲಿಲ್ಲ.

ಹೆಚ್ಚು ಹೊಟ್ಟೆ ಉರಿಯಬೇಕಾದದ್ದು ಸಂಘದ ಅಧ್ಯಕ್ಷೆ ಸ್ನೇಹಲತಾಗೆ. ಬಾರ್ಕೂರಿನ ತೌರಿನಿಂದ ತಂದ ಕೆಂಪು ದಂಟಿನ ಬಸಳೆ ಇದ್ದದ್ದು ಅವಳ ಪಟ್ಟಿಯಲ್ಲಿ ಮಾತ್ರ. ಉಳಿದವರದನ್ನು ಕಡಿದು ಬಿಸಾಡಿದ ಕಳ್ಳ ಅದನ್ನು ಮಾತ್ರ ಹೊತ್ತುಕೊಂಡು ಹೋಗಿದ್ದ. ಲೆಕ್ಕ ಬರೆಯುವ ಮೋಕ್ಷಿತಾ, ಹೊಳೆಯಲ್ಲಿ ಚಿಪ್ಪು ಹೆಕ್ಕುವ ಕುಷ್ಟ ಎಂಬವನನ್ನು ಎಳೆದು ತರೋಣ ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ವನಜ ತಡೆದಳು.

“ಅವ ಅಲ್ಲ. ಪಾಪದವ. ಇವ ಎತ್ತರದ ಗಂಡಸ್.”

ಸ್ನೇಹಲತಾ ವನಜಳ ಕುತ್ತಿಗೆಗೆ ಎಣ್ಣೆ ಹಚ್ಚುತ್ತ ಆ ಹಳದಿ ಅಂಚನ್ನು ತುಸು ಹೊತ್ತು ನೋಡಿದಳು. ಮರುದಿನ ತೋಟದ ಗೇಟಿಗೆ ತೆಂಗಿನ ಎಳೆ ಗರಿ ಕಟ್ಟಿ ದೈವದ ಹೆಸರಿನಲ್ಲಿ ಆಣೆ ಹಾಕಿಸಿದಳು. ಸಂಕ್ರಾಂತಿಯವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ನೀರೂ ಹೊರಗಿನಿಂದಲೇ, ಪೈಪಿನಲ್ಲಿ. ಮೀರಿ ಬಂದವನೇ ಕಳ್ಳ.

“ಮನಿ ಗಂಡಸ್ರಿಗೆ ಹೇಳುದ್ ಬಿಡುದ್ ನಿಮ್ ನಿಮ್ಗ್ ಸೇರಿದ್,” ಎಂದಳು.

ಬುಡ ಉಳಿದಿತ್ತಲ್ಲ, ಹದಿನೈದು ದಿನದಲ್ಲಿ ಬಸಳೆ ಮತ್ತೆ ಚಿಗುರಿತು. ಹದಿನಾರನೆಯ ದಿನ ಗಂಗೊಳ್ಳಿಗೆ ಬೋಟುಗಳು ಬಂದವು. ಮೀನಿಗೆ ಒಳ್ಳೆಯ ರೇಟು. ಆದರೂ ಇವತ್ತು ಒಬ್ಬಳೂ ಮಾರಲು ಹೋಗಕೂಡದು ಎಂದು ಸ್ನೇಹಲತಾ ಕಟ್ಟಪ್ಪಣೆ ಮಾಡಿದಳು. ಪೆಟ್ಟು ತಿಂದವಳೆಂದು ವನಜಳನ್ನು ಮನೆಯಲ್ಲಿ ಬಿಟ್ಟು, ಉಳಿದ ಹನ್ನೊಂದು ಮಂದಿ ತೆಂಗಿನ ಗರಿಯ ದಪ್ಪ ಬುಡದ ಕೊತ್ತಳಿಗೆ ಹಿಡಿದು ಪಂಪಿನ ಶೆಡ್ಡಿನ ಹಿಂದೆ ಕೂತರು. ಒಣಗಿದ ತೆಂಗಿನ ಕೊತ್ತಳಿಗೆ ಬೀಸುವವರ ಕೈಗೆ ಹಗುರ, ತಿಂದವರ ಮೈಗೆ ಅಲ್ಲ.

ಮಟಮಟ ಮಧ್ಯಾಹ್ನ ಹೊಳೆಯ ಬದಿಯಲ್ಲಿ ಬಲೆ ಅಲುಗಾಡಿತು. ಬಿಸಿಲಿಗೆ ತಲೆ, ಕೆನ್ನೆ ಮುಚ್ಚುವಂತೆ ಬೈರಾಸು ಸುತ್ತಿದ ಎತ್ತರದ ಗಂಡಸು ಬೇಲಿ ಎತ್ತಿ ನುಸುಳಿದ. ಬಲಗೈಯಲ್ಲಿ ಕತ್ತಿ. ಸೀದಾ ಬಸಳೆ ಚಪ್ಪರಕ್ಕೆ ಹೋಗಿ ಚಿಗುರಿಗೆ ಕೈ ಹಾಕಿದ.

ಮೊದಲ ಪೆಟ್ಟು ಮೊಣಕಾಲಿಗೆ ಬಿತ್ತು. ಹರಿವೆ ಮಡಿಯ ಮೇಲೆ ಮುಖವಡಿಯಾಗಿ ಬಿದ್ದ. ಏಳಲು ಹೋದಾಗ ಬೆನ್ನಿಗೆ, ಪಕ್ಕೆಗೆ, ತಲೆಗೆ ಬಿತ್ತು. ಬಾಯಿಂದ ರಕ್ತ, ಮಣ್ಣು, ಒಂದು ಹಲ್ಲು ಹೊರಬಂತು. ಆರು ತಿಂಗಳ ಸಿಟ್ಟು ಹನ್ನೊಂದು ಕೈಗಳಲ್ಲಿತ್ತು.

“ಬಲಗೈಗೆ ಹೊಡಿನಿ,” ಎಂದಳು ಸ್ನೇಹಲತಾ.

ಕತ್ತಿ ಹಾರಿ ಬಲೆಗೆ ಸಿಕ್ಕಿಕೊಂಡಿತು. ಆಮೇಲೂ ಅವಳು ಆ ಕೈಯನ್ನು ಬಿಡಲಿಲ್ಲ. ಮೂಳೆ ಮುರಿದ ಸದ್ದು ಹೆದ್ದಾರಿಯ ಲಾರಿಗಳ ನಡುವೆಯೂ ಕೇಳಿಸಿತು. ಬೈರಾಸು ಕಳಚಿದಾಗ ಉಳಿದವರ ಕೈಗಳು ನಿಂತವು. ಬಿದ್ದವನು ರಾಜೇಂದ್ರ, ಬೋಟಿನಲ್ಲಿ ದುಡಿಯುವ ವನಜಳ ಗಂಡ.

“ಅವ್ಳೇ ಕಳ್ಸಿದ್,” ಎಂದು ನರಳಿದ. “ಸಿಗಡಿ ಗಸಿಗೆ ಬಸಳಿ ಕಡ್ಕಂಡ್ ಬನಿ ಅಂದ್ಳ್. ಗೇಟಿಗ್ ಬೀಗ, ಹೊಳಿ ಬದಿಂದ ಹೋಯ್ನಿ ಅಂದ್ಳ್.”

ವನಜಳನ್ನು ಕರೆಸಿದರು. ಅವಳು ಗಂಡನ ಮುರಿದ ಕೈಯನ್ನೊಮ್ಮೆ ನೋಡಿದಳು.

“ಆಣಿ ಹಾಕಿದ್ ತೋಟಕ್ಕೆ ಗಂಡನ್ನ ಯಾರಾರೂ ಕಳ್ಸುದ್ ಇತ್ತಾ ಅಕ್ಕ?”

ಯಾರೂ ಕಳಿಸುವುದಿಲ್ಲ. ಮೋಕ್ಷಿತಾ ಪುಸ್ತಕ ತಿರುವಿದಳು. ನಾಲ್ಕು ಕಳವೂ ರಾಜೇಂದ್ರನ ಬೋಟು ದಡದಲ್ಲಿದ್ದ ದಿನಗಳಲ್ಲೇ ಆಗಿದ್ದವು. ಇನ್ನೇನು ಬೇಕು? ಬೇಲಿಯೇ ಎದ್ದು ಹೊಲ ಮೇಯಿತು ಎಂದರು. ಕಟ್ಟಿಕೊಂಡ ಹೆಂಡತಿಯ ಕುತ್ತಿಗೆಯನ್ನೇ ಹಿಸುಕಿದವನೆಂದು ಎಲ್ಲರೂ ಉಗಿದರು.

ಕೈ ಎರಡು ಕಡೆ ಮುರಿದಿದೆ, ಇನ್ನು ಬಲೆ ಎಳೆಯುವುದು ಕಷ್ಟ ಎಂದರು ಡಾಕ್ಟರು. ರಾಜೇಂದ್ರ ಆಸ್ಪತ್ರೆಯಿಂದ ಊರಿಗೆ ಬರಲೇ ಇಲ್ಲ. ಬೈಂದೂರಿನಲ್ಲಿದ್ದ ಅಣ್ಣನ ಮನೆ ಸೇರಿದ. ಆಣೆ ಮುರಿದ ಕಳ್ಳನೆಂಬ ಹೆಸರು ಹೊತ್ತು ಮರವಂತೆಯಲ್ಲಿ ಮುಖ ತೋರಿಸುವ ಹಾಗಿರಲಿಲ್ಲ.

ಐದನೆಯ ದಿನ ಸ್ನೇಹಲತಾ ವನಜಳ ಮನೆಗೆ ಬಂದಳು. ವನಜ ಚಾ ಕೊಟ್ಟಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊದಲ ಸಲ ಮಲಗುವ ಕೋಣೆಗೆ ಚಿಲಕ ಹಾಕದೆ ಮಲಗಿದೆ ಎಂದಳು.

“ನೀವ್ ಇಲ್ದಿದ್ರೆ ನನ್ ಕುತ್ಗಿ ಉಳೀತಿರ್ಲಿಲ್ಲ ಅಕ್ಕ.”

ಸ್ನೇಹಲತಾ ಚಾ ಮುಗಿಸಿ, ಲೋಟ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋದಳು. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಒದ್ದೆ ಗೋಣಿ ಮುಚ್ಚಿದ ಮರಳಿನ ಬುಟ್ಟಿ ಇತ್ತು. ವನಜ ಓಡಿ ಬರುವಷ್ಟರಲ್ಲಿ ಅವಳು ಗೋಣಿ ಎತ್ತಿಯಾಗಿತ್ತು.

“ನನ್ ಕೆಂಪ್ ಬಸಳಿಗೆ ಚಂದ ಬೇರ್ ಬಂದಿತ್ ಕಾಣ್, ನಾಳೆ ನೆಡುವ,” ಎಂದಳು, “ನೀನ್ ಕಡ್ದ ಕತ್ತಿ ಮಾತ್ರ ಇವತ್ತೇ ಹೊಳಿಗ್ ಬಿಸಾಡ್.”