ಹತ್ತು ಸಾವಿರದ ಏಳು

ನೂರು ಸಾಲು ಮಾಡಿದರೆ ಏಳು ಉಳಿಯಿತು. ಎಂಬತ್ತು ಸಾಲು ಮಾಡಿದರೂ ಏಳೇ ಉಳಿಯಿತು. ಮೇಸ್ತ್ರಿ ಸೀಮೆಸುಣ್ಣ ಬಿಸಾಕಿ, ಅಂಗಳದ ಕಲ್ಲಿನ ಮೇಲೆ ಬರೆದಿದ್ದನ್ನೆಲ್ಲ ಕಾಲಿನಿಂದ ಒರೆಸಿದ.

ಗ್ರಂಥಾಲಯದ ಮುಂದೆ ಅವನು ಕಟ್ಟಬೇಕಿದ್ದ ಗೋಡೆಗೆಂದು ಊರಿನವರೆಲ್ಲ ಬಿಸ್ಕತ್ತಿನಷ್ಟಗಲದ ಮಣ್ಣಿನ ಬಿಲ್ಲೆಗಳ ಮೇಲೆ ಹೆಬ್ಬೆರಳು ಒತ್ತಿ ಕೊಟ್ಟಿದ್ದರು. ಸುಟ್ಟು ಎಣಿಸಿದಾಗ ಹತ್ತು ಸಾವಿರದ ಏಳು. ಉದ್ದ, ಎತ್ತರ ಅವನಿಷ್ಟ. ಆದರೆ ಮೂಲೆ ಖಾಲಿ ಬಿಡುವಂತಿಲ್ಲ, ಯಾರನ್ನೂ ಹೊರಗಿಡುವಂತಿಲ್ಲ. ಗುರುತಿಲ್ಲದ ಬಿಲ್ಲೆ ಒಂದೆರಡು ತುರುಕಿಬಿಡಿ ಎಂದಳು ಹೆಂಡತಿ. ಹಾಗೆ ಮಾಡಿದರೆ ಅದು ಯಾರೋ ಸತ್ತವರದು ಎಂದು ಊರೆಲ್ಲ ಗುಸುಗುಸು ಆಗುತ್ತದೆ ಎಂದು ಅವನು ಒಪ್ಪಲಿಲ್ಲ.

ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಮಗಳು ಬಂದು ನೋಡಿದಳು. "ಬಿಡಪ್ಪ, ಇದು ಅವಿಭಾಜ್ಯ ಸಂಖ್ಯೆ. ಎಷ್ಟು ಸಾಲು ಮಾಡಿದ್ರೂ ಏನಾದ್ರೂ ಉಳಿದೇ ಉಳಿಯುತ್ತೆ. ಎಲ್ಲಾ ಒಂದೇ ಸಾಲಲ್ಲಿ ಜೋಡಿಸ್ಬಹುದು, ಅಷ್ಟೆ."

"ಇಷ್ಟು ದೊಡ್ಡದು, ಯಾವುದಕ್ಕೂ ಬಗ್ಗಲ್ವಾ?"

"ಇನ್ನೊಂದೇ ಒಂದು ತಾ. ಎಪ್ಪತ್ತೆರಡು ಸಾಲು, ಸಾಲಿಗೆ ನೂರಾ ಮೂವತ್ತೊಂಬತ್ತು. ಕರೆಕ್ಟಾಗಿ ಕೂರುತ್ತೆ."

ಮೇಸ್ತ್ರಿ ಪಕ್ಕದ ಅಂಗಳದತ್ತ ನೋಡಿದ. ಬೆರಳು ಒತ್ತದೆ ಉಳಿದವನು ಊರಿಗೆಲ್ಲ ಒಬ್ಬನೇ, ಅವನ ಅಣ್ಣ. ಮನೆ ಪಾಲಾದಾಗ ಅಂಗಳದ ನಡುವೆ ಎದೆಮಟ್ಟದ ಗೋಡೆ ಎಬ್ಬಿಸಿದವನು ಮೇಸ್ತ್ರಿಯೇ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಹಸಿ ಬಿಲ್ಲೆಯೊಂದನ್ನು ಹಿಡಿದು ಆ ಗೋಡೆಯ ಹತ್ತಿರ ಹೋಗಿ ಕೆಮ್ಮಿದ. ಆಚೆ ಬಕೆಟ್ ತೊಳೆಯುತ್ತಿದ್ದ ಅಣ್ಣ ತಲೆ ಎತ್ತಿದ. ಮೇಸ್ತ್ರಿ ಎಪ್ಪತ್ತೆರಡು, ನೂರಾ ಮೂವತ್ತೊಂಬತ್ತು ಎಂದು ಏನೇನೋ ತಡವರಿಸಿ ಹೇಳಿ ಮುಗಿಸಿದ.

"ಅಂದ್ರೆ ನಾನಿಲ್ದೆ ನಿನ್ನ ಗೋಡೆ ಏಳಲ್ಲ," ಎಂದ ಅಣ್ಣ. ಕೈ ಒರೆಸಿಕೊಂಡು ಬಿಲ್ಲೆ ಈಸಿಕೊಂಡವನು ಒತ್ತಲು ಹೋಗಿ ನಿಂತ. "ನಿಂದು ಒತ್ತಿದೀಯೇನೋ?"

ಊರಿಗೆಲ್ಲ ಮಣ್ಣು ಹೊತ್ತು ತಿರುಗಿದವನು ತನ್ನದನ್ನೇ ಮರೆತಿದ್ದ. ಗಾಬರಿಯಾಗಿ ಮಗಳನ್ನು ಕೂಗಿದ. ಇಬ್ಬರದೂ ಸೇರಿದರೆ ಹತ್ತು ಸಾವಿರದ ಒಂಬತ್ತು. ಅವಳು ಬಾಗಿಲಲ್ಲೇ ನಿಂತು ಫೋನಿನಲ್ಲಿ ನೋಡಿ, ಅದೂ ಹಾಗೇ, ಭಾಗವಾಗದ್ದು ಎಂದಳು. ಎರಡರ ಅಂತರದಲ್ಲಿ ಬರುವ ಇಂಥ ಜೋಡಿಗೆ ಅವಳಿ ಅನ್ನುತ್ತಾರಂತೆ.

ಹಾಗಾದರೆ ಇಬ್ಬರಲ್ಲಿ ಒಬ್ಬರಿಗಷ್ಟೇ ಜಾಗ. ತಾನು ಅಣ್ಣನನ್ನು ಕರೆಯಲು ಬಂದದ್ದೋ, ಬೇಡ ಎನ್ನಲು ಬಂದದ್ದೋ ಮೇಸ್ತ್ರಿಗೇ ತಿಳಿಯದಾಯಿತು. "ನಂದು ಬಿಡು," ಎಂದ ಕೊನೆಗೆ. "ಕಟ್ಟೋನು ನಾನೇ ಅಲ್ವಾ."

ಅಣ್ಣ ಹೆಬ್ಬೆರಳು ಒತ್ತಿ, ಬಿಲ್ಲೆಯನ್ನು ಗೋಡೆಯ ಮೇಲಿಟ್ಟು ಒಳಗೆ ಹೋದ. ಗುರುತು ಒಂದು ಅಂಚಿಗೆ ಸರಿದು ಕೂತಿತ್ತು. ಇನ್ನೊಂದು ಹೆಬ್ಬೆರಳಿಗಾಗುವಷ್ಟು ಉಳಿದರ್ಧ ಮಣ್ಣು ಇನ್ನೂ ಹಸಿಯಾಗಿತ್ತು.