ನಾಲ್ಕು ತಾಳದ ಜಾಗ

ಬಾಡಿಗೆ ಸ್ಪೀಕರಿಗೆ ಮುನ್ನೂರು ಕ್ವಾಚಾ, ಗಿಟಾರ್ ತಂತಿಗೆ ನೂರೈವತ್ತು. ಅರವತ್ತೈದನೇ ವಯಸ್ಸಿನಲ್ಲಿ ಮತ್ತೆ ರಾಕ್ ಬ್ಯಾಂಡ್ ಕಟ್ಟಿದ ಹುಚ್ಚಿಗೆ ಇದು ಅಗ್ಗವೇ. ಆದರೆ ನಾಳೆಯೇ ಕಿಟ್ವೆ ಊರಿನ ಗಣಿ ಕಾರ್ಮಿಕರ ಕ್ಲಬ್ಬಿನಲ್ಲಿ ಹಾಡಬೇಕಾಗಿತ್ತು. ಇವತ್ತು ತಾಲೀಮಿನಲ್ಲಿ ಐದನೇ ಸಲವೂ ಮ್ವಾಪೆಯ ಡ್ರಮ್ ಹಾಡಿನ ಅದೇ ಜಾಗದಲ್ಲಿ ನಿಂತಿತು, ಗೆಳೆಯರಿಬ್ಬರ ಗಿಟಾರುಗಳೂ ನಿಂತವು. ಹುಡುಗರಾಗಿದ್ದಾಗ ಅಲ್ಲಿ ನಾಲ್ಕು ತಾಳದಷ್ಟು ಹೊತ್ತು ಒಬ್ಬನೇ ಕೂಗು ಹಾಕುತ್ತಿದ್ದವನು ಕಪೆಂಬ್ವಾ. ಅವನನ್ನು ಮಣ್ಣು ಮಾಡಿ ಮೂವತ್ತು ವರ್ಷವಾಗಿದ್ದರೂ ಮೂವರೂ ಆ ಕೂಗಿಗೆ ಕಾಯುತ್ತಿದ್ದರು.

"ಯಾಕ್ರಪ್ಪಾ, ಮುದುಕರಿಗೆ ಉಸಿರು ಸಾಲ್ದಾ?" ಬಾಗಿಲಲ್ಲಿ ಕಪೆಂಬ್ವಾನ ಹೆಂಡತಿ ಬ್ವಾಲ್ಯಾ ನಿಂತಿದ್ದಳು.

"ಅದು ಅವನ ಜಾಗ, ಅತ್ತಿಗೆ," ಎಂದ ಮ್ವಾಪೆ.

"ನಂಗೊತ್ತಿಲ್ವಾ? ಬಾರ್ಸಿ ಮತ್ತೆ."

ಆ ಜಾಗ ಬಂದಾಗ ಬ್ವಾಲ್ಯಾ ಕಣ್ಣುಮುಚ್ಚಿ ಕೂಗಿದಳು, ಥೇಟ್ ಗಂಡನ ಹಾಗೇ. ಹಾಡು ಕೊನೆಗೂ ಪೂರ್ತಿಯಾಯಿತು. ಕಪೆಂಬ್ವಾ ಇನ್ನು ಬರುವುದಿಲ್ಲವೆಂದು ಮೂವರಿಗೂ ಖಾತ್ರಿಯಾದದ್ದು ಆಗಲೇ.