ಎಲೆ ಹುರಿದ ಕೈ

ಲಾಂಗ್‌ಜಿಂಗ್ ಚಹಾದ ಮೊದಲ ಗುಟುಕಿಗೇ ವ್ಯಾಪಾರಿಯ ಹುಬ್ಬು ಗಂಟಿಕ್ಕಿತು. ಮೂವತ್ತು ವರ್ಷದಿಂದ ಅವನು ಕೊಳ್ಳುತ್ತಿದ್ದುದು ಈ ಮನೆಯ ಎಲೆಯನ್ನೇ.

"ಇದು ನಿನ್ನ ಕೈ ಅಲ್ಲ ಕಣೋ ಶೆನ್. ಯಾರ ಮನೇದು ತಂದು ನನ್ನ ತಲೆಗೆ ಕಟ್ತಿದ್ದೀಯ?"

"ದೇವರಾಣೆ ಸಾಹುಕಾರ್ರೇ, ನಮ್ಮ ಗುಡ್ಡದ್ದೇ ಎಲೆ. ನಾನೇ ಹುರಿದೆ."

"ಸುಳ್ಳಾದರೆ ಈ ಹೊಸ್ತಿಲು ಮತ್ತೆ ತುಳಿಯೋನಲ್ಲ. ಎಲ್ಲಿ, ಅಂಗೈ ತೋರಿಸು."

ಮುದುಕ ಮೆಲ್ಲಗೆ ಮುಷ್ಟಿ ಬಿಚ್ಚಿದ. ಕಾದ ಬಾಣಲೆ ತಾಗಿ ಅಂಗೈ ತುಂಬ ಹಸಿ ಬೊಬ್ಬೆಗಳು ಎದ್ದಿದ್ದವು.

"ಸಿಕ್ಕಿಬಿದ್ದೆ! ಮೂವತ್ತು ವರ್ಷ ಬರಿಗೈಲಿ ಎಲೆ ಹುರಿದೋನಿಗೆ ಬೊಬ್ಬೆ ಏಳುತ್ತೇನಯ್ಯಾ? ಹೇಳು, ಇಷ್ಟು ವರ್ಷ ಹುರಿದ ಕೈ ಎಲ್ಲಿ?"

ಮುದುಕ ಗೋಡೆಯತ್ತ ನೋಡಿದ. ಅಲ್ಲಿ ಅವನ ಹೆಂಡತಿಯ ಪಟದ ಮುಂದೆ ಊದುಬತ್ತಿ ಉರಿಯುತ್ತಿತ್ತು.